ಪೈಪು ಒಡೆಯಿತು, ಕೇಸು ಬಂತು



ನಮ್ಮ ಕಡೆ ಹೊಲದ ಜಗಳ ಹೊಸದಲ್ಲ. ಬದುವಿಗೆ ಜಗಳ. ದಾರಿಗೆ ಜಗಳ. ನೀರಿಗೆ ಜಗಳ. "ನನ್ನ ಬೇಲಿ ಕಿತ್ತಾನ", "ನನ್ನ ಪೈಪು ಒಡದಾನ" ಅಂತ ಒಬ್ಬರು ದೂರು ಕೊಡುತ್ತಾರೆ. ದೂರು ಅಂದ ಕೂಡಲೇ ನಮಗೆ ಕೈಕಾಲು ಆಡುವುದಿಲ್ಲ. ಕೆಲವರು ಊರು ಬಿಟ್ಟು ಓಡುತ್ತಾರೆ. ಕೆಲವರು ಯಾರೋ ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಎರಡೂ ತಪ್ಪು. ಹಾಗಾದರೆ ಏನು ಮಾಡಬೇಕು? ಮೊದಲು ಒಂದು ಕಥೆ ಓದೋಣ.

ಕಥೆ

ಯಲಬುರ್ಗಾ ತಾಲೂಕಿನ ಒಂದು ಹಳ್ಳಿ ಅಂತ ತಿಳಿಯಿರಿ. ಅಲ್ಲಿ ಒಬ್ಬ ಅಣ್ಣ. ಅವನಿಗೆ ಮೂರು ಎಕರೆ ಹೊಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಿ ಗಂಡ ಹೆಂಡತಿ ಮಂಗಳೂರಿಗೆ ಗುಳೆ ಹೋದರು. ನಾಲ್ಕು ತಿಂಗಳು ಕಟ್ಟಡದ ಕೆಲಸ ಮಾಡಿದರು. ಮುಂಗಾರು ಹೊತ್ತಿಗೆ ಊರಿಗೆ ಬಂದರು.

ಬಾಡಿಗೆ ಟ್ರ್ಯಾಕ್ಟರ್ ತಂದು ಹೊಲಕ್ಕೆ ರಂಟಿ ಹೊಡೆಸಿದರು. ಬದುವಿನ ಹತ್ತಿರ ಟಪ್ ಅಂತ ಸಪ್ಪಳ ಆಯಿತು. ಮಣ್ಣಿನಿಂದ ನೀರು ಚಿಮ್ಮಿತು. ನೋಡಿದರೆ ಒಳಗೆ ಪೈಪು! ಇವರು ಗುಳೆ ಹೋದಾಗ ಪಕ್ಕದ ಹೊಲದವನು ತನ್ನ ಬೋರಿನಿಂದ ಪೈಪು ಎಳೆದು ಇಲ್ಲಿ ಹೂಳಿದ್ದ. ಇವರನ್ನು ಕೇಳಿರಲಿಲ್ಲ. ಗುರುತಿಗೆ ಒಂದು ಕಲ್ಲೂ ಇಟ್ಟಿರಲಿಲ್ಲ.

ಅಣ್ಣ ಟ್ರ್ಯಾಕ್ಟರ್ ನಿಲ್ಲಿಸಿದ. ತಾನೇ ಓಡಿ ಹೋಗಿ ಪಕ್ಕದವನಿಗೆ ಸುದ್ದಿ ಹೇಳಿದ. ಪಕ್ಕದವನು ಸಿಟ್ಟಾದ.

"ಹೋದ ವರ್ಷ ಬದುವಿನ ಸಲುವಾಗಿ ಜಗಳ ಆಗಿತ್ತಲ್ಲ. ಆ ಸಿಟ್ಟಿಗೆ ಬೇಕಂತ ಒಡದೀ. ಕೇಸು ಹಾಕ್ತೀನಿ" ಅಂದ.

ಸಂಜೆ ಕಟ್ಟೆಯ ಮೇಲೆ ಜನ ಕೂಡಿದರು. ಊರಿನ ಹಿರಿಯರೊಬ್ಬರು ಒಂದು ಕಾಗದ ತಂದರು.

"ತಮ್ಮಾ, ಇದಕ್ಕ ಹೆಬ್ಬೆಟ್ಟು ಒತ್ತಿಬಿಡು. ಕೇಸು ಗೀಸು ಏನೂ ಆಗೂದಿಲ್ಲ" ಅಂದರು.

ಅಣ್ಣ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡ. ಅವನ ಹೆಂಡತಿ ಕಲಿಕಾ ಕೇಂದ್ರಕ್ಕೆ ಬರುತ್ತಿದ್ದ ಅಕ್ಕ. ಆಕೆ ಮುಂದೆ ಬಂದಳು.

"ಯಪ್ಪಾ, ಸ್ವಲ್ಪ ತಡೀರಿ. ನಾ ಓದಿ ನೋಡ್ತೀನಿ."

ಆಕೆ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಕಾಗದದಲ್ಲಿ ಹೀಗಿತ್ತು: 'ಹಳೆಯ ದ್ವೇಷದಿಂದ ನಾನು ಬೇಕೆಂದು ಪೈಪ್ ಒಡೆದಿರುತ್ತೇನೆ. 25,000 ರೂಪಾಯಿ ಹಾನಿ ಆಗಿರುತ್ತದೆ.'

"ಇದು ಖರೇ ಅಲ್ರಿ ಯಪ್ಪಾ. ಪೈಪು ಒಡದದ್ದು ಖರೇ. ಬೇಕಂತ ಒಡದದ್ದು ಸುಳ್ಳು. ಇಪ್ಪತ್ತೈದು ಸಾವಿರ ಎಲ್ಲಿಂದ ಬಂತು? ಇದಕ್ಕ ಒತ್ತೂದಿಲ್ಲ" ಅಂದಳು.

ಅಣ್ಣ ಕೈ ಹಿಂದೆ ತೆಗೆದುಕೊಂಡ. ಮರುದಿನ ಪಕ್ಕದವನು ಪೊಲೀಸ್ ಠಾಣೆಗೆ ದೂರು ಕೊಟ್ಟ.

ಅಕ್ಕ ಮಾಡಿದ್ದು ಸರಿಯೇ? ಕಾನೂನು ಏನು ಹೇಳುತ್ತದೆ ನೋಡೋಣ.

ಕಾನೂನು ಏನು ಹೇಳುತ್ತದೆ?

ಮೊದಲು ನಮ್ಮ ದೇಶದಲ್ಲಿ 1860ರ ಭಾರತೀಯ ದಂಡ ಸಂಹಿತೆ ಇತ್ತು. 2024ರ ಜುಲೈ 1ರಿಂದ ಅದರ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆ ದಿನಕ್ಕಿಂತ ಮೊದಲು ನಡೆದ ಘಟನೆಗೆ ಹಳೆಯ ಕಾನೂನೇ ಅನ್ವಯ. ಇನ್ನೊಬ್ಬರ ಆಸ್ತಿಗೆ ಹಾನಿ ಮಾಡುವ ಅಪರಾಧ ಹೊಸ ಸಂಹಿತೆಯ 324ನೇ ಕಲಮಿನಲ್ಲಿದೆ.

ಈ ಅಪರಾಧ ಆಗಬೇಕಾದರೆ ಎರಡು ಮಾತು ಬೇಕು.

ಒಂದು: ಆಸ್ತಿ ಕೆಟ್ಟಿರಬೇಕು, ಇಲ್ಲವೇ ಅದರ ಬೆಲೆ ಅಥವಾ ಉಪಯೋಗ ಕಡಿಮೆ ಆಗಿರಬೇಕು.

ಎರಡು: ಹಾನಿ ಮಾಡುವ ಉದ್ದೇಶ ಇರಬೇಕು. ಇಲ್ಲವೇ 'ಹೀಗೆ ಮಾಡಿದರೆ ಹಾನಿ ಆಗಬಹುದು' ಅಂತ ಗೊತ್ತಿದ್ದೂ ಮಾಡಿರಬೇಕು.

ಮೊದಲನೆಯದು ಮಾತ್ರ ಇದ್ದರೆ ಸಾಲದು. ಎರಡನೆಯದೂ ಬೇಕು. ಅದನ್ನು ಸಾಬೀತು ಮಾಡುವ ಭಾರ ದೂರು ಹೊರಿಸಿದವರ ಮೇಲೆ ಇರುತ್ತದೆ. ಸಂಶಯ ಉಳಿದರೆ ಶಿಕ್ಷೆ ಇಲ್ಲ.

ಈಗ ಕಥೆಯ ಕಾಗದ ನೆನಪು ಮಾಡಿಕೊಳ್ಳಿ. ಅದರಲ್ಲಿ 'ಬೇಕೆಂದು' ಅನ್ನುವ ಮಾತಿತ್ತು. ಅಣ್ಣ ಒತ್ತಿದ್ದರೆ ಎರಡನೆಯ ಮಾತನ್ನು ತಾನೇ ಒಪ್ಪಿಕೊಂಡ ಹಾಗೆ ಆಗುತ್ತಿತ್ತು. ಪೊಲೀಸರ ಮುಂದೆ ತಪ್ಪು ಒಪ್ಪಿಕೊಂಡರೂ ಅದು ಕೋರ್ಟಿನಲ್ಲಿ ಸಾಕ್ಷಿ ಆಗುವುದಿಲ್ಲ. ಆದರೆ ಊರವರಿಗೆ ಬರೆದುಕೊಟ್ಟ ಕಾಗದವನ್ನು ನಿಮ್ಮ ವಿರುದ್ಧವೇ ತರಬಹುದು.

'25,000' ಅನ್ನುವ ಅಂಕಿಯೂ ಸಣ್ಣದಲ್ಲ. ಯಾಕೆ? ಈ ಪಟ್ಟಿ ಓದಿ.

ಹಾನಿ 20,000 ರೂಪಾಯಿಗಿಂತ ಕಡಿಮೆ ಇದ್ದರೆ: 6 ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ.
ಸರ್ಕಾರದ ಅಥವಾ ಪಂಚಾಯಿತಿಯ ಆಸ್ತಿ ಆದರೆ: 1 ವರ್ಷದವರೆಗೆ.
20,000ದಿಂದ 1 ಲಕ್ಷದ ಒಳಗೆ: 2 ವರ್ಷದವರೆಗೆ.
1 ಲಕ್ಷ ಅಥವಾ ಹೆಚ್ಚು: 5 ವರ್ಷದವರೆಗೆ.

ಅಂಕಿ ಬೆಳೆದ ಹಾಗೆ ಶಿಕ್ಷೆ ಬೆಳೆಯುತ್ತದೆ. ಆದ್ದರಿಂದ ಎಷ್ಟು ಹಾನಿ ಅಂತ ಅಂಗಡಿಯ ರಸೀದಿ ನೋಡಿ ಕೇಳಬೇಕು. ಬಾಯಿ ಮಾತಿನ ಲೆಕ್ಕ ಒಪ್ಪಬಾರದು.

ಯಾವುದು ಅಪರಾಧ ಅಲ್ಲ?

ಎಚ್ಚರಿಕೆಯಿಂದ, ಸರಿಯಾದ ಕೆಲಸ ಮಾಡುವಾಗ, ಗೊತ್ತಿಲ್ಲದೆ ಆದ ಹಾನಿ ಅಪರಾಧ ಅಲ್ಲ. ಅದು ಆಕಸ್ಮಿಕ.

ದೊಡ್ಡ ಹಾನಿ ತಪ್ಪಿಸಲು ಒಳ್ಳೆಯ ಮನಸ್ಸಿನಿಂದ ಸಣ್ಣ ಹಾನಿ ಮಾಡಿದರೆ ಅಪರಾಧ ಅಲ್ಲ. ಓಣಿಗೆ ಬೆಂಕಿ ಬಿದ್ದಿದೆ. ಬೆಂಕಿ ಹಬ್ಬದಿರಲಿ ಅಂತ ನಡುವಿನ ಚಪ್ಪರ ಕಿತ್ತು ಹಾಕಿದಿರಿ. ಅದಕ್ಕೆ ಶಿಕ್ಷೆ ಇಲ್ಲ.

7 ವರ್ಷದ ಒಳಗಿನ ಮಗು ಏನು ಮಾಡಿದರೂ ಅಪರಾಧ ಅಲ್ಲ. 18 ವರ್ಷದ ಒಳಗಿನ ಮಕ್ಕಳ ವಿಚಾರಣೆ ಸಾಮಾನ್ಯವಾಗಿ ಬಾಲ ನ್ಯಾಯ ಮಂಡಳಿಯಲ್ಲಿ ನಡೆಯುತ್ತದೆ. ದೊಡ್ಡವರ ಕೋರ್ಟಿನಲ್ಲಿ ಅಲ್ಲ.

ಒಂದು ಮಾತು ಮರೆಯಬೇಡಿ. ಅಪರಾಧ ಅಲ್ಲದಿದ್ದರೂ, ನಮ್ಮ ಅಜಾಗ್ರತೆಯಿಂದ ಹಾನಿ ಆಗಿದ್ದರೆ ಪರಿಹಾರ ಕೊಡಬೇಕಾಗಬಹುದು. ಅದು ಸಿವಿಲ್ ದಾವೆ. ಅದಕ್ಕೆ ಜೈಲು ಶಿಕ್ಷೆ ಇಲ್ಲ.

ಯಾವುದಕ್ಕೆ ಕ್ಷಮೆ ಇಲ್ಲ?

ಗೊತ್ತಿದ್ದೂ ಕೆಡಿಸಿದವರಿಗೆ ಈ ಮಾತುಗಳು ಗುರಾಣಿ ಆಗುವುದಿಲ್ಲ.

ನಮ್ಮ ನೆರೆಯ ಹಂಪಿಯ ಸಂಗತಿ ಕೇಳಿ. ಅಲ್ಲಿ ಕೆಲವು ಯುವಕರು ಹಳೆಯ ಗುಡಿಯ ಕಲ್ಲಿನ ಕಂಬ ತಳ್ಳಿ ಬೀಳಿಸಿದರು. ಅದರ ವಿಡಿಯೋ ಊರೆಲ್ಲ ಹಬ್ಬಿತು. 2019ರ ಫೆಬ್ರವರಿಯಲ್ಲಿ ಹೊಸಪೇಟೆಯ ಕೋರ್ಟು ನಾಲ್ವರಿಗೆ ತಲಾ 70,000 ರೂಪಾಯಿ ದಂಡ ಹಾಕಿತು. ಕಂಬವನ್ನು ಮತ್ತೆ ನಿಲ್ಲಿಸಲು ಹೇಳಿತು. ಬೇಕಂತಲೇ ತಳ್ಳಿದ್ದು ವಿಡಿಯೋದಲ್ಲಿ ಕಣ್ಣಿಗೆ ಕಾಣುತ್ತಿತ್ತು.

ಗಂಗಾವತಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ಬೇಕಂತ ಕಾಲುವೆ ಒಡೆದು ಕೆಳಗಿನ ರೈತರ ನೀರು ಕಡಿಮೆ ಮಾಡಿದರೆ 5 ವರ್ಷದವರೆಗೆ ಜೈಲು. ಬಸ್ಸಿಗೆ ಕಲ್ಲು ಹೊಡೆದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯಿದೆ ಬರುತ್ತದೆ. ಅದರಲ್ಲೂ 5 ವರ್ಷದವರೆಗೆ ಜೈಲು ಇದೆ. ಮನೆಗೆ ಬೆಂಕಿ ಇಟ್ಟರೆ ಜೀವಾವಧಿ ಶಿಕ್ಷೆಯೂ ಆಗಬಹುದು.

ಗಂಗಾವತಿ ತಾಲೂಕಿನ ಮರಕುಂಬಿ ಗ್ರಾಮದಲ್ಲಿ 2014ರ ಆಗಸ್ಟ್ 28ರಂದು ದಲಿತರ ಮೇಲೆ ಹಲ್ಲೆ ನಡೆಯಿತು. ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಪ್ರಕರಣ ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 101 ಜನರಿಗೆ ಶಿಕ್ಷೆ ಹೇಳಿತು. ಅದರಲ್ಲಿ 98 ಜನರಿಗೆ ಜೀವಾವಧಿ. ಶಿಕ್ಷೆ ಆದವರು ಹೈಕೋರ್ಟಿಗೆ ಮೇಲ್ಮನವಿ ಹೋದರು. ಅವರಲ್ಲಿ ಬಹಳ ಜನರಿಗೆ ಜಾಮೀನು ಸಿಕ್ಕಿತು.

ಇದರಿಂದ ಏನು ಕಲಿಯಬೇಕು? ಗುಂಪು ಕೂಡಿ ಮಾಡಿದ ತಪ್ಪಿಗೆ ಗುಂಪಿನಲ್ಲಿ ಕೂಡಿದ ಒಬ್ಬೊಬ್ಬರೂ ಹೊಣೆ. "ಬೆಂಕಿ ನಾ ಹಚ್ಚಿಲ್ಲ, ಜೋಡಿ ಇದ್ದೆ ಅಷ್ಟೆ" ಅಂದರೆ ಸಾಲದು. ಸುಮ್ಮನೆ ನಿಂತು ನೋಡಿದವನು ತಪ್ಪಿತಸ್ಥ ಅಲ್ಲ, ನಿಜ. ಆದರೆ ಬರೀ ನೋಡುತ್ತಿದ್ದೆ ಅಂತ ತಿಳಿಸಿ ಹೇಳಲು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾದೀತು. ಗುಂಪು ಕೂಡಿದರೆ ದೂರ ಸರಿಯಿರಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ.

ಪೊಲೀಸರು ಕರೆದರೆ

1. ಓಡಬೇಡಿ. ಲಿಖಿತ ನೋಟಿಸು ಬಂದರೆ ಹೇಳಿದ ದಿನ ಹೋಗಿ. ಹೋಗದಿದ್ದರೆ ಬಂಧನ ಆಗಬಹುದು.

2. ಯಾವ ಕಲಮು ಹಾಕಿದ್ದಾರೆ ಕೇಳಿ. 20,000ಕ್ಕಿಂತ ಕಡಿಮೆ ಹಾನಿಯ ಸಣ್ಣ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ವಾರಂಟ್ ಇಲ್ಲದೆ ಬಂಧಿಸುವ ಹಾಗಿಲ್ಲ. ಇಂಥ ಪ್ರಕರಣದಲ್ಲಿ ಜಾಮೀನು ನಿಮ್ಮ ಹಕ್ಕು.

3. ಬಂಧಿಸಿದರೆ ಕಾರಣ ಹೇಳಬೇಕು. ಮನೆಯವರಿಗೆ ತಿಳಿಸಬೇಕು. ವಕೀಲರನ್ನು ಕಾಣಲು ಬಿಡಬೇಕು. ದಾರಿಯ ಸಮಯ ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿ.

4. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಇದು 20ನೇ ವಿಧಿ.

5. ವಿಚಾರಣೆಯಲ್ಲಿ ನೀವು ಹೇಳಿದ್ದನ್ನು ಪೊಲೀಸರು ಬರೆದುಕೊಳ್ಳಬಹುದು. ಆ ಹೇಳಿಕೆಗೆ ನಿಮ್ಮ ಸಹಿ ಬೇಕಿಲ್ಲ. ಪಂಚನಾಮೆಗೆ, ಜಾಮೀನು ಪತ್ರಕ್ಕೆ ಸಹಿ ಕೇಳುತ್ತಾರೆ. ಓದಿ ಸಹಿ ಮಾಡಿ. ಖಾಲಿ ಕಾಗದಕ್ಕೆ ಎಂದೂ ಮಾಡಬೇಡಿ.

6. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು ಬಂಧಿಸಬಾರದು. ತೀರಾ ವಿಶೇಷ ಕಾರಣ ಇದ್ದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದು, ಮಹಿಳಾ ಅಧಿಕಾರಿಯೇ ಬರಬೇಕು.

ಕೋರ್ಟಿನಲ್ಲಿ "ತಪ್ಪು ಒಪ್ಪುತ್ತೀರಾ?" ಅಂತ ಕೇಳುತ್ತಾರೆ. "ಹೂಂ ಅಂದ್ರ ದಂಡ ಕಟ್ಟಿ ಮನೀಗೆ ಹೋಗಬಹುದು" ಅಂತ ಯಾರಾದರೂ ಕಿವಿಯಲ್ಲಿ ಹೇಳಿಯಾರು. ಮಾಡದ ತಪ್ಪು ಒಪ್ಪಬೇಡಿ. ದಂಡ ಒಂದು ದಿನದ್ದು. ಅಪರಾಧಿ ಅನ್ನುವ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಮೊದಲು ವಕೀಲರನ್ನು ಕೇಳಿ.

ವಕೀಲರಿಗೆ ದುಡ್ಡು ಎಲ್ಲಿಂದ?

ದುಡ್ಡು ಇಲ್ಲದವರಿಗೂ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಸರ್ಕಾರವೇ ಖರ್ಚು ಕೊಡುತ್ತದೆ. ಯಾರಿಗೆ? ಎಲ್ಲ ಹೆಂಗಸರಿಗೆ ಮತ್ತು ಮಕ್ಕಳಿಗೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ. ಅಂಗವಿಕಲರಿಗೆ. ಬಂಧನದಲ್ಲಿ ಇರುವವರಿಗೆ. ಕಡಿಮೆ ವರಮಾನದವರಿಗೆ.

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕೋರ್ಟುಗಳಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿ ಇದೆ. ಕೊಪ್ಪಳದ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. 15100 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು.

ಕಥೆ ಏನಾಯಿತು?

ಅಕ್ಕ ಮತ್ತು ಅಣ್ಣ ಕಾನೂನು ಸೇವೆಗಳ ಸಮಿತಿಗೆ ಹೋದರು. ವಕೀಲರು ಕೇಳಿದ ಮೊದಲ ಪ್ರಶ್ನೆ: "ಪೈಪು ಅಲ್ಲಿ ಐತಿ ಅಂತ ನಿಮಗ ಗೊತ್ತಿತ್ತೇನು?"

"ಇಲ್ರಿ ಸರ್. ಪೈಪು ಹೂಳೋ ಮುಂದ ನಾವು ಮಂಗಳೂರಾಗ ಇದ್ವಿ."

"ಅದನ್ನ ತೋರಿಸೋದು ಹೆಂಗ?"

ಅಕ್ಕ ಚೀಲ ಬಿಚ್ಚಿದಳು. ಗುತ್ತಿಗೆದಾರ ಹಾಜರಿ ಬರೆದು ಕೊಟ್ಟ ಚೀಟಿ ಇತ್ತು. ತಾರೀಖು ಇತ್ತು. ಟ್ರ್ಯಾಕ್ಟರ್ ಚಾಲಕ, "ಮಾಲಕರೇ ಓಡಿ ಹೋಗಿ ಸುದ್ದಿ ಹೇಳಿದರು" ಅಂತ ಹೇಳಲು ಸಿದ್ಧನಿದ್ದ. ಗುರುತಿನ ಕಲ್ಲು ಇಲ್ಲದ ಜಾಗದ ಫೋಟೋ ಮೊಬೈಲಿನಲ್ಲಿತ್ತು. ಅಂಗಡಿಯಲ್ಲಿ ಕೇಳಿದರೆ ಹೊಸ ಪೈಪಿಗೆ 3,200 ರೂಪಾಯಿ.

ಸಮಿತಿ ಪಕ್ಕದವನನ್ನೂ ಕರೆಸಿತು. ಅವನಿಗೆ ಚೀಟಿ ತೋರಿಸಿದರು. ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಪೈಪು ಹೂಳುವ ಮುಂದೆ ತಾನೂ ಕೇಳಬೇಕಿತ್ತು ಅಂದ. ಹೊಸ ಪೈಪಿನ ಅರ್ಧ ಖರ್ಚು ಅಣ್ಣ ಕೊಡುವುದು, ಪೈಪನ್ನು ಪಕ್ಕದವನು ತನ್ನ ಹೊಲದಲ್ಲೇ ಹಾಕಿಕೊಳ್ಳುವುದು, ದೂರು ಮುಗಿಸುವುದು ಅಂತ ರಾಜಿ ಆಯಿತು. ಖಾಸಗಿ ವ್ಯಕ್ತಿಗೆ ಮಾತ್ರ ಆದ ಇಂಥ ಸಣ್ಣ ಹಾನಿಯಲ್ಲಿ ರಾಜಿಗೆ ಕಾನೂನು ದಾರಿ ಕೊಟ್ಟಿದೆ.

ರಾಜಿ ಪತ್ರ ಬಂತು. ಅಕ್ಕ ಓದಿದಳು. 'ಬೇಕೆಂದು' ಅನ್ನುವ ಮಾತು ಎಲ್ಲೂ ಇರಲಿಲ್ಲ. ಆಮೇಲೆ ಅಣ್ಣನ ಕೈಗೆ ಪತ್ರ ಕೊಟ್ಟಳು.

ಮುಂದಿನ ವಾರದಿಂದ ಅಣ್ಣನೂ ಕಲಿಕಾ ಕೇಂದ್ರಕ್ಕೆ ಬರತೊಡಗಿದ. ಪಾಟಿ ಹಿಡಿದು ಮೊದಲು ಕೇಳಿದ್ದು ಒಂದೇ. "ಸರ್, ನನ್ನ ಹೆಸರು ಬರಿಯೋದು ಕಲಸ್ರಿ."

ನೆನಪಿಡಿ

ಹಾನಿ ಆದ ಮಾತ್ರಕ್ಕೆ ಅಪರಾಧ ಆಗುವುದಿಲ್ಲ. ಉದ್ದೇಶ ಅಥವಾ ಅರಿವು ಇರಬೇಕು.
ಓದದೆ ಸಹಿ ಬೇಡ. ಓದಲು ಬಾರದಿದ್ದರೆ ನಂಬಿಕೆಯವರಿಂದ ಓದಿಸಿ.
ಚೀಟಿ, ರಸೀದಿ, ಫೋಟೋ ಜೋಪಾನ ಮಾಡಿ.
ಸುಳ್ಳು ಸಾಕ್ಷಿ ಹೇಳಿಸಬೇಡಿ. ಅದೇ ಇನ್ನೊಂದು ಅಪರಾಧ.

ಪ್ರಶ್ನೆಗಳು

1. ಕಾಗದದಲ್ಲಿದ್ದ ಎರಡು ಅಪಾಯದ ಮಾತು ಯಾವುವು?
2. ಅಣ್ಣನಿಗೆ ಪೈಪು ಇರುವುದು ಯಾಕೆ ಗೊತ್ತಿರಲಿಲ್ಲ? ಅದನ್ನು ಯಾವ ಚೀಟಿ ತೋರಿಸಿತು?
3. ಹಂಪಿಯ ಕಂಬಕ್ಕೂ ಕಥೆಯ ಪೈಪಿಗೂ ಏನು ವ್ಯತ್ಯಾಸ?
4. ನಿಮ್ಮ ತಾಲೂಕಿನ ಕಾನೂನು ಸೇವೆಗಳ ಸಮಿತಿ ಎಲ್ಲಿದೆ? ಕೇಳಿ ತಿಳಿದು ಬರೆಯಿರಿ.

ಓದಿ, ಬರೆಯಿರಿ

ಉದ್ದೇಶ, ಆಕಸ್ಮಿಕ, ಜಾಮೀನು, ಪಂಚನಾಮೆ, ರಾಜಿ, ಸಹಿ.