ಕೊಟ್ಟಿಗೆಯ ಸೋಲಾರ್ ದೀಪ ಮಂಕಾದಾಗ



ಮದ್ದೂರು, ಮಳವಳ್ಳಿ ಕಡೆ ತೋಟದ ಮನೆಯಲ್ಲಿದ್ದು ಹಸು ಸಾಕುವ ಸದಸ್ಯರಲ್ಲಿ ಸೋಲಾರ್ ದೀಪ ಹಾಕಿಸಿಕೊಂಡವರಿದ್ದಾರೆ. ಅವರ ದೂರು ಹೆಚ್ಚುಕಡಿಮೆ ಒಂದೇ: "ಸಾಯಂಕಾಲ ಚೆನ್ನಾಗಿ ಉರಿಯುತ್ತೆ ಸಾರ್, ಬೆಳಗಿನ ಜಾವ ಹಾಲು ಕರೆಯೋ ಹೊತ್ತಿಗೆ ಮಂಕಾಗುತ್ತೆ." ಇದರಲ್ಲಿ ಪಶುವೈದ್ಯನಿಗೇನು ಕೆಲಸ ಎನ್ನಬೇಡಿ. ಬೆಳಕಿಲ್ಲದಿದ್ದರೆ ಮೊದಲ ಧಾರೆಯಲ್ಲಿ ಬರುವ ಗರಣೆ ಕಾಣುವುದಿಲ್ಲ, ಕೆಚ್ಚಲು ಬಾವು ತಿಳಿಯುವುದು ತಡವಾಗುತ್ತದೆ.

ದೀಪ ಮಂಕಾದ ಕೂಡಲೇ ಹೊಸ ಬ್ಯಾಟರಿಗೆ ಹಣ ಸುರಿಯಬೇಡಿ. ಒಂದು ಮಲ್ಟಿಮೀಟರ್ ತಂದು ಮೊದಲು ವೋಲ್ಟೇಜ್ ಅಳೆಯಿರಿ. ಇಲ್ಲಿ ಹೇಳುವುದು ನೀರು ಹಾಕುವ 12 ವೋಲ್ಟಿನ ಸೀಸದ ಬ್ಯಾಟರಿಯ ಲೆಕ್ಕ. ಲಿಥಿಯಂ ಬ್ಯಾಟರಿಗೆ ಇದು ಅನ್ವಯಿಸದು. ಇನ್ವರ್ಟರ್ ಇದ್ದರೆ ಅದರಿಂದ ಹೊರಡುವ 230 ವೋಲ್ಟಿನ ತಂತಿಯನ್ನು ಮುಟ್ಟತಕ್ಕದ್ದಲ್ಲ.

ಬಿಸಿಲು ಇಳಿದು ಒಂದೆರಡು ಗಂಟೆ ಕಳೆದ ಮೇಲೆ, ದೀಪ ಹಾಕುವ ಮೊದಲು ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. 12.6 ಅಥವಾ 12.7 ತೋರಿಸಿದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ತುಂಬಿದ್ದ ಬ್ಯಾಟರಿ ದೀಪ ಹಾಕಿದ ಸ್ವಲ್ಪ ಹೊತ್ತಿಗೇ 11ರ ಹತ್ತಿರ ಇಳಿದರೆ ಅದಕ್ಕೆ ವಯಸ್ಸಾಗಿದೆ. ಸಾಯಂಕಾಲವೇ 12.2 ಇದ್ದರೆ ತಪ್ಪು ಬ್ಯಾಟರಿಯದಲ್ಲದಿರಬಹುದು, ಹಗಲಿನಲ್ಲಿ ಚಾರ್ಜ್ ಬರುತ್ತಿಲ್ಲ.

ಹಾಗಾದರೆ ಮಾರನೆಯ ದಿನ ನಡುಮಧ್ಯಾಹ್ನ ಅಳೆಯಿರಿ. ಒಳ್ಳೆಯ ಬಿಸಿಲಿನಲ್ಲಿ ಬ್ಯಾಟರಿಯ ತುದಿಯಲ್ಲಿ 13.5ರಿಂದ 14.4 ಇರಬೇಕು. ಇಲ್ಲದಿದ್ದರೆ ಪ್ಯಾನೆಲ್ ನೋಡಿ. ನಮ್ಮ ಕಡೆ ಆಲೆಮನೆಯ ಹೊಗೆ ಮಸಿಯಾಗಿ ಗಾಜಿನ ಮೇಲೆ ಕೂರುತ್ತದೆ; ಮೆತ್ತನೆಯ ಬಟ್ಟೆಯಿಂದ ಬೆಳಗಿನ ತಂಪಿನಲ್ಲಿ ತೊಳೆಯಿರಿ. ಒಂದೇ ಒಂದು ತೆಂಗಿನ ಗರಿಯ ನೆರಳೂ ಸಾಕು, ಬಿಲ್ಲೆಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಇಡೀ ಪ್ಯಾನೆಲಿನ ಶಕ್ತಿ ಕುಗ್ಗುತ್ತದೆ. ಪ್ಯಾನೆಲ್ ಬಿಡಿಸಿ ಅಳೆದಾಗ 20 ವೋಲ್ಟ್ ಬಂತೆಂದು ಸಮಾಧಾನಪಡಬೇಡಿ. ಮಸಿ ಹಿಡಿದ ಪ್ಯಾನೆಲೂ ಅಷ್ಟು ತೋರಿಸುತ್ತದೆ, ಕರೆಂಟು ಮಾತ್ರ ಹರಿಯುವುದಿಲ್ಲ.

ಮನೆಯೊಳಗೆ ದೀಪ ಚೆನ್ನಾಗಿದ್ದು ಕೊಟ್ಟಿಗೆಯಲ್ಲಿ ಮಾತ್ರ ಮಂಕೇ? ಹಾಗಿದ್ದರೆ ತಂತಿಯ ದೋಷ. ಕೊಟ್ಟಿಗೆ 25 ಮೀಟರ್ ದೂರವಿದ್ದು, ದೀಪ, ಡಿ.ಸಿ. ಫ್ಯಾನ್ ಸೇರಿ 3 ಆಂಪಿಯರ್ ಎಳೆದರೆ, 1.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಹೋಗಿಬರುವಷ್ಟರಲ್ಲಿ ಸುಮಾರು 1.8 ವೋಲ್ಟ್ ನಷ್ಟ. ಬೆಳಗಿನ ಜಾವ ಬ್ಯಾಟರಿಯಲ್ಲಿ 12.2 ಇದ್ದರೂ ಕೊಟ್ಟಿಗೆಗೆ ತಲುಪುವುದು 10.4. ನಾಲ್ಕು ಚದರ ಮಿ.ಮೀ. ತಂತಿ ಎಳೆದರೆ ನಷ್ಟ 0.7ಕ್ಕೆ ಇಳಿಯುತ್ತದೆ. 1902ರಲ್ಲಿ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಒಯ್ದದ್ದು ಹತ್ತಾರು ಸಾವಿರ ವೋಲ್ಟಿನಲ್ಲಿ. ವೋಲ್ಟ್ ಹೆಚ್ಚಿದಷ್ಟೂ ದಾರಿಯ ನಷ್ಟ ಕಡಿಮೆ. ನಮ್ಮ 12 ವೋಲ್ಟಿಗೆ ಆ ಅನುಕೂಲವಿಲ್ಲ, ತಂತಿಯೇ ದಪ್ಪವಿರಬೇಕು.

ಗಂಜಲದಿಂದೇಳುವ ಅಮೋನಿಯಾ ಕೊಟ್ಟಿಗೆಯ ತಂತಿಯ ಗಂಟುಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ. ಸ್ವಿಚ್ ಆರಿಸಿ, ಗಂಟು ಬಿಚ್ಚಿ, ಉಜ್ಜಿ, ಬಿಗಿಯಾಗಿ ಕಟ್ಟಿ ಟೇಪು ಸುತ್ತಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೋರಿನ ನೀರು ಹಾಕಕೂಡದು.

ತಂತಿ ಉಳಿಸಲೆಂದು ಕೆಲವರು ಬ್ಯಾಟರಿಯನ್ನೇ ಕೊಟ್ಟಿಗೆಗೆ ತಂದಿಡುತ್ತಾರೆ. ಇದು ಖಂಡಿತ ಬೇಡ. ಹಳೆಯ ಬ್ಯಾಟರಿಯನ್ನು ಹುಲ್ಲಿನ ಮೆದೆಯ ಬಳಿ ಎಸೆಯುವುದು ಇನ್ನೂ ಅಪಾಯ. ಒಡೆದ ಬ್ಯಾಟರಿಯ ಸೀಸದ ತಗಡನ್ನು ದನಗಳು, ಅದರಲ್ಲೂ ಕರುಗಳು, ನೆಕ್ಕುತ್ತವೆ. ಕಣ್ಣು ಕಾಣದಂತಾಗುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಮೈ ಅದುರುವುದು ಸೀಸದ ವಿಷದ ಲಕ್ಷಣ. ಹುಚ್ಚುನಾಯಿ ರೋಗದಲ್ಲೂ ಇಂಥವೇ ಲಕ್ಷಣ ಕಾಣಬಹುದಾದ್ದರಿಂದ ಬಾಯಿಗೆ ಕೈ ಹಾಕದೆ ತಕ್ಷಣ ಪಶುವೈದ್ಯರನ್ನು ಕರೆಯಿರಿ, ಬ್ಯಾಟರಿ ಬಿದ್ದಿದ್ದ ಸಂಗತಿ ಮುಚ್ಚಿಡಬೇಡಿ. ಸೀಸ ಹಾಲಿಗೂ ಇಳಿಯುತ್ತದೆ. ವೈದ್ಯರು ಹೇಳುವವರೆಗೆ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬಾರದು, ಮನೆಯಲ್ಲೂ ಬಳಸಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದು. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು ಬನ್ನಿ, ಅದಕ್ಕೆ ಬೆಲೆಯೂ ಸಿಗುತ್ತದೆ.