ಕೊರೆ, ಒರೆಸು, ಅಳಿಸು: ಸರಣಿ ಫ್ಲಾಶ್ ಸ್ಮೃತಿಯ ಚಾಲಕ ತಂತ್ರಾಂಶ ಮತ್ತು ಕನ್ನಡ ಪರಿಭಾಷೆ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ನೆಲೆಯೂರಿದ ತರುವಾಯ ಚಿಪ್ಪುಗಳ ವಿನ್ಯಾಸವೂ ಅವುಗಳಿಗೆ ತಂತ್ರಾಂಶ ಬರೆಯುವುದೂ ಈ ನಗರದ ಕಸುಬುಗಳಾದವು. ಜಯನಗರ, ಜೆ.ಪಿ. ನಗರಗಳಾಚೆಯ ಪುಟ್ಟೇನಹಳ್ಳಿಯಂತಹ ಊರುಗಳು ಬಡಾವಣೆಗಳಾಗಿ ಬೆಳೆದುದರಲ್ಲಿ ಇಂತಹ ಉದ್ಯಮಗಳ ಪಾಲೂ ಇದೆ. ಆದರೆ ಆ ಕಸುಬಿನ ಒಳಮಾತು ಕನ್ನಡದಲ್ಲಿ ನಡೆಯುವುದು ವಿರಳ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿ, 2004ರಲ್ಲಿ ಮಾರುಕಟ್ಟೆಗೆ ಬಂದ ಸಿಂಪ್ಯೂಟರ್ ಲಿನಕ್ಸ್ ವ್ಯವಸ್ಥೆಯನ್ನು ಫ್ಲಾಶ್ ಸ್ಮೃತಿಯಲ್ಲಿ ಇರಿಸಿಕೊಂಡಿತ್ತು. ಅದಕ್ಕೆ ಕನ್ನಡ ಪಠ್ಯವನ್ನು ಓದಿ ಹೇಳುವ ತಂತ್ರಾಂಶವೂ ಸಿದ್ಧವಾಯಿತು. ಯಂತ್ರ ಕನ್ನಡವನ್ನು ಕಲಿತರೂ ಯಂತ್ರದ ಒಳಗಿನ ತಿಳಿವಳಿಕೆ ಕನ್ನಡಕ್ಕೆ ಬರಲಿಲ್ಲ. ಇದಕ್ಕೆ ಪದಗಳ ಕೊರತೆಗಿಂತ ಕ್ರಿಯಾಪದಗಳ ಅರ್ಥವ್ಯತ್ಯಾಸವನ್ನು ಗುರುತಿಸದಿರುವುದು ಹೆಚ್ಚಿನ ಕಾರಣ ಎಂಬುದನ್ನು ಸರಣಿ ಫ್ಲಾಶ್ ಸ್ಮೃತಿಯ ನಿದರ್ಶನದಿಂದ ಪರಿಶೀಲಿಸಬಹುದು.

ಸರಣಿ ಫ್ಲಾಶ್ ಚಿಪ್ಪು ಸಾಮಾನ್ಯವಾಗಿ ನಾಲ್ಕು ಸಂಕೇತತಂತಿಗಳ ಮೂಲಕ ಸಂಸ್ಕಾರಕದೊಡನೆ ವ್ಯವಹರಿಸುತ್ತದೆ: ಚಿಪ್ಪನ್ನು ಆರಿಸುವುದೊಂದು, ಗಡಿಯಾರದ ಮಿಡಿತದ್ದೊಂದು, ದತ್ತ ಒಳಬರುವುದೊಂದು, ಹೊರಹೋಗುವುದೊಂದು. ಕಾರ್ಯಾಚರಣ ವ್ಯವಸ್ಥೆಯ ಚಾಲಕ ತಂತ್ರಾಂಶವು ಮೊದಲು ಚಿಪ್ಪಿನ ಗುರುತನ್ನು ಕೇಳುತ್ತದೆ. ಹದಿನಾರರ ಪದ್ಧತಿಯ 9ಎಫ್ ಎಂಬ ಆದೇಶಕ್ಕೆ ವಿನ್‌ಬಾಂಡ್ ಸಂಸ್ಥೆಯ ಡಬ್ಲ್ಯು25ಕ್ಯು64 ಚಿಪ್ಪು ಇಎಫ್, 40, 17 ಎಂಬ ಮೂರು ಬೈಟುಗಳ ಉತ್ತರ ನೀಡುತ್ತದೆ. ಮೊದಲನೆಯದು ತಯಾರಕರನ್ನು, ಎರಡನೆಯದು ಬಗೆಯನ್ನು, ಮೂರನೆಯದು ಗಾತ್ರವನ್ನು ಸೂಚಿಸುತ್ತದೆ. ಹದಿನಾರರ ಪದ್ಧತಿಯ 17 ಎಂದರೆ 23. ಎರಡರ 23ನೆಯ ಘಾತವೇ 83,88,608 ಬೈಟುಗಳು. ಲಿನಕ್ಸ್‌ನಲ್ಲಿ ಇಂತಹ ಚಿಪ್ಪುಗಳ ಪಟ್ಟಿಯನ್ನು ಚಾಲಕ ತಂತ್ರಾಂಶದಲ್ಲಿಯೇ ಇರಿಸುವ ರೂಢಿಯಿತ್ತು. ಚಿಪ್ಪು ತನ್ನ ಲಕ್ಷಣಗಳನ್ನು ತಾನೇ ನಿರೂಪಿಸುವ ಮಾನಕ 2011ರಲ್ಲಿ ಪ್ರಕಟವಾದುದರಿಂದ ಆ ಅವಲಂಬನೆ ಕಡಿಮೆಯಾಗಿದೆ. ಚಿಪ್ಪು ಯಾವ ಆಯ್ಕೆತಂತಿಯಲ್ಲಿದೆ, ಗಡಿಯಾರದ ಗರಿಷ್ಠ ವೇಗವೆಷ್ಟು, ಸ್ಮೃತಿಯ ಯಾವ ಭಾಗ ಯಾವುದಕ್ಕೆ ಮೀಸಲು ಎಂಬುದನ್ನು ಮಾತ್ರ ಹಲಗೆಯ ವಿವರಣೆಯಲ್ಲಿ ಬರೆದುಕೊಡಬೇಕಾಗುತ್ತದೆ.

ಪರಿಭಾಷೆಯ ತೊಡಕು ಆರಂಭವಾಗುವುದು ಬರವಣಿಗೆಯ ಹಂತದಲ್ಲಿ. ಈ ಚಿಪ್ಪಿನಲ್ಲಿ ಬರೆಯುವುದೆಂದರೆ 1 ಆಗಿರುವ ಬಿಟ್ಟನ್ನು 0 ಮಾಡುವುದು ಮಾತ್ರ. 0 ಆದುದನ್ನು ಬರೆಯುವ ಆದೇಶದಿಂದ 1 ಮಾಡಲಾಗದು. 10101010 ಇರುವೆಡೆ 11001100 ಎಂದು ಬರೆಯಹೋದರೆ 10001000 ಉಳಿಯುತ್ತದೆ. ಮತ್ತೆ 1ಕ್ಕೆ ತರಲು 4 ಕಿಲೋಬೈಟುಗಳ ಇಡೀ ಸೆಕ್ಟರನ್ನು ಇಲ್ಲವೆ 64 ಕಿಲೋಬೈಟುಗಳ ಖಂಡವನ್ನು ಒಮ್ಮೆಗೇ ಶುದ್ಧಗೊಳಿಸಬೇಕು. ಚಾಲಕ ತಂತ್ರಾಂಶದಲ್ಲಿ ಈ ಅಳತೆ ತಪ್ಪಿ, 4 ಕಿಲೋಬೈಟುಗಳೆಂದು ಭಾವಿಸಿದೆಡೆ 64 ಕಿಲೋಬೈಟುಗಳ ಆದೇಶ ಹೋದರೆ ನೆರೆಯ ದತ್ತವೂ ನಾಶವಾಗುತ್ತದೆ. ಅಲ್ಲಿ ಆರಂಭಿಕ ತಂತ್ರಾಂಶವಿದ್ದರೆ ಯಂತ್ರ ಮುಂದೆ ಏಳುವುದೇ ಇಲ್ಲ.

ಈ ಭೇದ ಕನ್ನಡದ ಬರಹಪರಂಪರೆಗೆ ಅಪರಿಚಿತವಲ್ಲ. ಓಲೆಗರಿಯಲ್ಲಿ ಕಂಠದಿಂದ ಕೊರೆದ ಗೆರೆಗೆ ಗೆರೆ ಸೇರಿಸಬಹುದು, ತೆಗೆಯಲಾಗದು. ಇದ್ದಿಲಪುಡಿ, ಹುಣಿಸೆಬೀಜದ ಅಂಟು ಬಳಿದ ಬಟ್ಟೆಯ ಕಡತವಾದರೋ ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಲು ಅನುವು ಮಾಡುತ್ತಿತ್ತು. ಶೃಂಗೇರಿ ಮಠದ ಕಡತಗಳು ಈ ಬಗೆಗೆ ಪ್ರಸಿದ್ಧ ನಿದರ್ಶನ. ಫ್ಲಾಶ್ ಸ್ಮೃತಿಯಲ್ಲಿ ಈ ಎರಡು ಗುಣಗಳೂ ಕೂಡಿವೆ: ಬಿಟ್ಟಿನ ಮಟ್ಟದಲ್ಲಿ ಅದು ಓಲೆ, ಸೆಕ್ಟರಿನ ಮಟ್ಟದಲ್ಲಿ ಕಡತ.

‘ಕಡತ’ ಎಂಬ ಪದ ಇಂದು ಕಚೇರಿಯ ದಾಖಲೆಯ ಅರ್ಥವನ್ನು ದಾಟಿ ಗಣಕದ ಫೈಲಿಗೂ ಸಂದಿದೆ. ಕಡತವನ್ನು ‘ಅಳಿಸಿ’ದಾಗ ಸಾಮಾನ್ಯವಾಗಿ ಅದರ ನಮೂದು ಮಾತ್ರ ತೆಗೆಯಲ್ಪಡುತ್ತದೆ, ಚಿಪ್ಪಿನಲ್ಲಿ ಬಿಟ್ಟುಗಳು ಹಾಗೆಯೇ ಉಳಿದಿರಬಹುದು. ಸೆಕ್ಟರನ್ನು ಶುದ್ಧಗೊಳಿಸುವ ಕ್ರಿಯೆಗೂ ‘ಅಳಿಸು’ ಎಂದೇ ಬಳಸಿದರೆ ಇವೆರಡೂ ಒಂದೇ ಎಂಬ ತಪ್ಪುಗ್ರಹಿಕೆ ಅನಿವಾರ್ಯ. ಆದ್ದರಿಂದ ಬಿಟ್ಟನ್ನು 0 ಮಾಡುವುದಕ್ಕೆ ‘ಕೊರೆ’, ಸೆಕ್ಟರನ್ನು 1ಕ್ಕೆ ತರುವುದಕ್ಕೆ ‘ಒರೆಸು’, ಕಡತದ ನಮೂದನ್ನು ತೆಗೆಯುವುದಕ್ಕೆ ‘ಅಳಿಸು’ ಎಂಬ ವ್ಯವಸ್ಥೆ ಯುಕ್ತವೆನಿಸುತ್ತದೆ. ಮೂರೂ ಬಳಕೆಯ ಮಾತುಗಳೇ, ಹೊಸದಾಗಿ ಟಂಕಿಸಬೇಕಾದವಲ್ಲ. ಪರಿಭಾಷಾ ನಿರ್ಮಾಣದಲ್ಲಿ ನಾಮಪದಗಳಿಗೆ ಸಮಾನಪದ ಹುಡುಕುವ ಶ್ರಮದ ಜೊತೆಗೆ, ಕ್ರಿಯೆ ನಡೆಯುವ ಬಗೆಯನ್ನು ಅರಿತು ಇರುವ ಕ್ರಿಯಾಪದಗಳನ್ನು ಹಂಚಿಕೊಡುವ ಕಾರ್ಯವೂ ನಡೆಯಬೇಕಾಗಿದೆ.