ಡಿಶ್‌ವಾಷರ್ ಸೆನ್ಸರ್ ತೊಂದರೆ: ಮಾಡಬೇಕಾದ್ದು, ಮಾಡಬಾರದ್ದು

ಬಸವಕಲ್ಯಾಣ ಮತ್ತು ಹುಮನಾಬಾದ್ ಮನೆಗಳಿಗೆ

ಮಷಿನ್ ನಡುವೆ ನಿಂತು ಕೋಡ್ ತೋರಿಸುತ್ತಿದ್ದರೆ ಮೊದಲು ಇದನ್ನು ಓದಿ, ಆಮೇಲೆ ಕೈ ಹಾಕಿ. 230 ವೋಲ್ಟ್ ಕರೆಂಟು, 65–70 ಡಿಗ್ರಿ ಬಿಸಿನೀರು, 2000 ವ್ಯಾಟ್‌ವರೆಗಿನ ಹೀಟರು ಒಂದೇ ಡಬ್ಬಿಯೊಳಗಿವೆ. ತಪ್ಪಿದರೆ ಶಾಕ್ ಹೊಡೆದು ಜೀವ ಹೋಗುತ್ತದೆ, ಇಲ್ಲವೆ ಅಡುಗೆಮನೆಗೆ ಬೆಂಕಿ ಬೀಳುತ್ತದೆ.

ಸೆನ್ಸರ್ ಕೋಡ್ ಬಂತೆಂದರೆ ಸೆನ್ಸರ್ ಕೆಟ್ಟಿತೆಂದಲ್ಲ. ನೀರು ಸಾಲುತ್ತಿಲ್ಲ, ನೊರೆ ಉಕ್ಕಿದೆ, ತಳದಲ್ಲಿ ಸೋರಿದೆ ಎಂಬ ನಿಜವನ್ನೇ ಅದು ಹೇಳುತ್ತಿರಬಹುದು.

ಮಾಡಬೇಕಾದ್ದು

ನೆಲ ಒದ್ದೆಯಾಗಿದೆಯೇ ನೋಡಿ.

ಒದ್ದೆಯಿದ್ದರೆ ಪ್ಲಗ್ ಕಡೆ ಹೋಗದೆ ಮೇನ್ ಬೋರ್ಡಿನಲ್ಲಿ ಎಂಸಿಬಿ ಇಳಿಸಿ.

ಒಣಗಿದ್ದರೆ ಸ್ವಿಚ್ ಆರಿಸಿ, ಒಣ ಕೈಯಿಂದ ಪ್ಲಗ್ ಕೀಳಿ.

ಮಷಿನ್‌ಗೆ ಹೋಗುವ ನಳ ಬಂದ್ ಮಾಡಿ.

ಕೋಡ್ ಕಂಡ ತಕ್ಷಣ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟಿರಿ. ಕರೆಂಟ್ ತೆಗೆದರೆ ಅದು ಅಳಿಸಿಹೋಗುತ್ತದೆ.

ಕೋಡಿನ ಅರ್ಥವನ್ನು ನಿಮ್ಮ ಮಾಡೆಲ್‌ನ ಪುಸ್ತಕದಲ್ಲೇ ನೋಡಿ. ಬಾಷ್ ಮಷಿನ್‌ನಲ್ಲಿ ಇ15 ಎಂದರೆ ತಳದ ತಟ್ಟೆಗೆ ನೀರು ಇಳಿದಿದೆ. ಎಲ್‌ಜಿಯಲ್ಲಿ ಐಇ ಎಂದರೆ ನೀರು ಒಳಗೆ ಬರುತ್ತಿಲ್ಲ, ಒಇ ಎಂದರೆ ಹೊರಗೆ ಹೋಗುತ್ತಿಲ್ಲ. ಒಂದು ಕಂಪನಿಯ ಕೋಡ್ ಇನ್ನೊಂದಕ್ಕೆ ನಡೆಯದು.

ಒಳಗಿನ ನೀರು ಆರುವವರೆಗೆ ಕಾಯಿರಿ.

ನೀರು ಬರುತ್ತಿಲ್ಲ ಎಂಬ ಕೋಡ್ ಇದ್ದರೆ ಮಾಳಿಗೆಯ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅಳೆಯಿರಿ. ಟ್ಯಾಂಕಿನ ನೀರು ಒಂದು ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.1 ಬಾರ್. ಬಹುಪಾಲು ಮಷಿನ್‌ಗಳಿಗೆ 0.3ರಿಂದ 0.5 ಬಾರ್ ಬೇಕು. ಅಂದರೆ ನಳಕ್ಕಿಂತ ಕನಿಷ್ಠ 3ರಿಂದ 5 ಮೀಟರ್ ಮೇಲೆ ನೀರಿರಬೇಕು. ಮೇಲ್ಮಹಡಿಯ ಅಡುಗೆಮನೆಗೆ, ತಲೆಯ ಮೇಲೇ ಕೂತ ಸಿಂಟೆಕ್ಸ್ ಟ್ಯಾಂಕ್ ಇದನ್ನು ಕೊಡಲಾರದು. ಅಂಥ ಮನೆಯಲ್ಲಿ ಸೆನ್ಸರ್ ಬದಲಿಸಿದರೆ ದುಡ್ಡು ದಂಡ. ಪ್ರೆಶರ್ ಪಂಪ್ ಹಾಕಿಸಿ.

ನಳದ ಕಡೆಯ ಪೈಪ್ ಬಿಚ್ಚಿ, ಒಳಗಿನ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಬೇಸಿಗೆಯಲ್ಲಿ ಬೋರ್ ಬತ್ತಿ ಟ್ಯಾಂಕರ್ ನೀರು ತುಂಬಿಸಿದ್ದರೆ ಇದನ್ನೇ ಮೊದಲು ಮಾಡಿ.

ಪೈಪ್ ಎಲ್ಲಿಯೂ ಮಡಚಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ತಳದ ಫಿಲ್ಟರ್ ತಿರುಗಿಸಿ ಹೊರಗೆ ತೆಗೆದು ತೊಳೆಯಿರಿ. ಪರಾತಕ್ಕೆ ಅಂಟಿದ ಜೋಳದ ಹಿಟ್ಟು ನೆನೆದರೆ ಅಲ್ಲಿ ಗೋಂದಾಗುತ್ತದೆ.

ಒಳಮೂಲೆಯಲ್ಲಿ ಪ್ಲಾಸ್ಟಿಕ್ ಫ್ಲೋಟ್ ಇದ್ದರೆ ಬೆರಳಿಂದ ಎತ್ತಿ ಬಿಡಿ. ಸಲೀಸಾಗಿ ಏರಿ ಇಳಿಯಬೇಕು.

ಕೊಳೆ ಅಳೆಯುವ ಸೆನ್ಸರ್ ನೀರಿನೊಳಗೆ ಬೆಳಕು ಹಾಯಿಸಿ ನೋಡುತ್ತದೆ. ಅದರ ಮೇಲೆ ಸುಣ್ಣದ ಪದರವೋ ಎಣ್ಣೆಗಾಯಿಯ ಜಿಡ್ಡೋ ಕೂತರೆ ತಿಳಿನೀರೂ ಕೊಳೆಯಾಗಿ ಕಾಣುತ್ತದೆ, ಮಷಿನ್ ತೊಳೆಯುತ್ತಲೇ ಇರುತ್ತದೆ. ಡಿಶ್‌ವಾಷರ್ ಡಿಸ್ಕೇಲರ್ ಹಾಕಿ, ಭಾಂಡೆ ಇಲ್ಲದೆ, ಬಿಸಿನೀರಿನಲ್ಲಿ ಒಮ್ಮೆ ಓಡಿಸಿ.

ಬೋರ್ ನೀರಿನ ಗಡಸುತನ ಪರೀಕ್ಷಿಸಿ. ನಮ್ಮ ಎರಡೂ ತಾಲ್ಲೂಕುಗಳ ಕೆಂಪು ಜಂಬಿಟ್ಟಿಗೆಯ ಕೆಳಗೆ ಕರಿಕಲ್ಲಿದೆ. ಬೋರ್ ನೀರು ಆ ಕಲ್ಲಿನ ಬಿರುಕುಗಳಿಂದ ಬರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಸಿಗದಾಗ 600. ಮಷಿನ್‌ನಲ್ಲಿ ಜರ್ಮನ್ ಡಿಗ್ರಿಯ ಲೆಕ್ಕವಿದ್ದರೆ ನಿಮ್ಮ ಅಂಕಿಯನ್ನು 17.8ರಿಂದ ಭಾಗಿಸಿ: 300 ಬಂದರೆ ಸುಮಾರು 17.

ಆ ಅಂಕಿಗೆ ತಕ್ಕಂತೆ ಸೆಟ್ಟಿಂಗ್ ಬದಲಿಸಿ.

ಡಿಶ್‌ವಾಷರ್ ಉಪ್ಪು ಮುಗಿದಿದ್ದರೆ ತುಂಬಿಸಿ.

16 ಆಂಪಿಯರ್ ಮೂರು ಪಿನ್ ಸಾಕೆಟ್‌ಗೇ ಜೋಡಿಸಿ.

ಅರ್ಥಿಂಗ್ ಇದೆಯೇ ಎಂದು ವೈರ್‌ಮನ್‌ನಿಂದ ನೋಡಿಸಿ.

30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ.

ಕರೆಂಟ್ ಹೋದಾಗ ಮಷಿನ್ ಸ್ವಿಚ್ ಆರಿಸಿ. ಬಂದು ಸ್ಥಿರವಾದ ಮೇಲೆ ಹಾಕಿ.

ಇಡೀ ಓಣಿಯಲ್ಲಿ ವೋಲ್ಟೇಜ್ ಕುಣಿಯುತ್ತಿದ್ದರೆ ಜೆಸ್ಕಾಂಗೆ 1912ಕ್ಕೆ ದೂರು ಕೊಡಿ.

ಇಷ್ಟೆಲ್ಲ ಮಾಡಿಯೂ ಅದೇ ಕೋಡ್ ಬಂದರೆ ನಿಲ್ಲಿಸಿ, ಕಂಪನಿಯ ಮೆಕ್ಯಾನಿಕ್‌ನನ್ನು ಕರೆಯಿರಿ. ಆತ ಬೀದರ್‌ನಿಂದಲೋ ಕಲಬುರಗಿಯಿಂದಲೋ ಬರಬೇಕಾಗಬಹುದು. ಮಾಡೆಲ್ ನಂಬರ್ ಮತ್ತು ಕೋಡ್ ಫೋನಿನಲ್ಲೇ ಹೇಳಿ. ಬೇಕಾದ ಪಾರ್ಟ್ ಹಿಡಿದೇ ಬರಲಿ.

ಬರುವವರೆಗೆ ಭಾಂಡೆ ಕೈಯಿಂದ ತೊಳೆಯಿರಿ.

ಮಾಡಬಾರದ್ದು

ಸೆನ್ಸರ್ ವೈರ್ ಕತ್ತರಿಸಿ ನೇರ ಜೋಡಿಸಬಾರದು. ಹಾಗೆ ಮಾಡಿಕೊಡುತ್ತೇನೆ ಎನ್ನುವವನಿಗೆ ಮಷಿನ್ ಮುಟ್ಟಲು ಬಿಡುವುದು ಬೇಡ. ನೀರಿಲ್ಲದೆ ಹೀಟರ್ ಕಾಯುವುದನ್ನು ತಡೆಯುವುದು ಅದೇ ವೈರ್.

ಫ್ಲೋಟ್ ಮೇಲೇಳದಂತೆ ಕಡ್ಡಿ ಸಿಕ್ಕಿಸುವುದು ಬೇಡ.

ಪ್ಲಗ್ ಇರುವಾಗ ತಳದ ಪಟ್ಟಿ ಬಿಚ್ಚುವುದು ಬೇಡ.

ಪ್ಲಗ್ ಕಿತ್ತ ಮೇಲೂ ಸರ್ಕ್ಯೂಟ್ ಬೋರ್ಡ್ ಮುಟ್ಟಬಾರದು.

ಸೋರಿಕೆಯ ಕೋಡ್ ಬಂದಾಗ ಮಷಿನ್ ವಾಲಿಸಿ, ತಳದ ನೀರು ಚೆಲ್ಲಿ, ಮತ್ತೆ ಓಡಿಸುವುದು ಬೇಡ. ನೀರು ಹೋಗುತ್ತದೆ, ಕೋಡ್ ಹೋಗುತ್ತದೆ, ತೂತು ಅಲ್ಲೇ ಇರುತ್ತದೆ.

ಟ್ರಿಪ್ ಆದ ಎಂಸಿಬಿಯನ್ನು ಮತ್ತೆ ಮತ್ತೆ ಎತ್ತುವುದು ಬೇಡ.

ಎಕ್ಸ್‌ಟೆನ್ಷನ್ ಬೋರ್ಡ್ ಬೇಡ.

ಮನೆಯ ಇನ್ವರ್ಟರ್ ಮೇಲೆ ಓಡಿಸುವುದು ಬೇಡ. ಹೀಟರಿನ ಭಾರ ಅದು ಹೊರದು.

ಮೂರನೆಯ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ತುರುಕಬಾರದು.

ಕೈಯಿಂದ ಭಾಂಡೆ ತಿಕ್ಕುವ ಲಿಕ್ವಿಡ್ ಒಂದು ಹನಿಯೂ ಬೇಡ. ನೊರೆ ಉಕ್ಕಿ ತಳಕ್ಕಿಳಿದರೆ ಸೋರಿಕೆಯ ಕೋಡ್ ಬರುತ್ತದೆ.

ಅಡುಗೆ ಉಪ್ಪು ಹಾಕುವುದು ಬೇಡ. ಗಂಟುಗಟ್ಟದಿರಲೆಂದು ಬೆರೆಸಿದ ಪುಡಿ ಮಷಿನ್‌ನ ಸಾಫ್ಟ್‌ನರ್ ಕೆಡಿಸುತ್ತದೆ.

ಡಿಸ್ಕೇಲರನ್ನು ಉಪ್ಪಿನ ಡಬ್ಬಿಗೆ ಸುರಿಯಬಾರದು.

ನಿಂಬೆ ಉಪ್ಪು, ವಿನೆಗರ್, ಡಿಸ್ಕೇಲರ್ ಯಾವುದರ ಜೊತೆಗೂ ಬ್ಲೀಚಿಂಗ್ ಬೆರೆಸಬಾರದು. ಕ್ಲೋರಿನ್ ವಿಷಗಾಳಿ ಏಳುತ್ತದೆ.

ಸೆನ್ಸರ್ ಇರುವ ಕಡೆ ಪಿನ್ನು, ಚಾಕು, ತಂತಿಯ ಉಜ್ಜು ಹಾಕುವುದು ಬೇಡ.

ವಾರಂಟಿ ಇರುವಾಗ ಹೊರಗಿನ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸುವುದು ಬೇಡ.

ಬಾಗಿಲು ತೆರೆದಿಟ್ಟು, ಚಾಕು ಮೇಲ್ಮುಖವಾಗಿ ಬಿಟ್ಟು, ಮಕ್ಕಳಿರುವ ಮನೆಯಲ್ಲಿ ಅತ್ತ ಹೋಗುವುದು ಬೇಡ.

ಯಾರಿಗಾದರೂ ಶಾಕ್ ಹಿಡಿದಿದ್ದರೆ ಬರಿಗೈಯಿಂದ ಎಳೆಯಬಾರದು. ಮೇನ್ ಇಳಿಸಿ, ಆಮೇಲೆ ಬಿಡಿಸಿ, 108ಕ್ಕೆ ಫೋನ್ ಮಾಡಿ.